ಬೀದಿಯ ದಂಡ ಯಾರ ಕೈಯಲ್ಲಿ? ಇಂಗ್ಲೆಂಡಿನ ಪೌರಸಭೆಗಳ ಒಂದು ಅಧಿಕಾರದ ಚರಿತ್ರೆ

ರಾಷ್ಟ್ರಕೂಟರ ತಾಮ್ರಪಟಗಳನ್ನು ಓದಿದವರಿಗೆ ‘ದಶಾಪರಾಧ’ ಎಂಬ ಮಾತು ಅಪರಿಚಿತವಲ್ಲ. ದತ್ತಿಯಾಗಿ ಕೊಟ್ಟ ಊರಿನ ಹುಟ್ಟುವಳಿಯೊಡನೆ ಅಲ್ಲಿನ ಹತ್ತು ಬಗೆಯ ತಪ್ಪುಗಳ ದಂಡವೂ ದತ್ತಿ ಪಡೆದವನಿಗೆ ಸಲ್ಲತಕ್ಕದ್ದೆಂದು ಅವು ಹೇಳುತ್ತವೆ. ಇವುಗಳಿಗಿಂತ ಹಿಂದಿನದಾದ, ಸುಮಾರು ಕ್ರಿ.ಶ. 725ರದೆಂದು ವಿದ್ವಾಂಸರು ಎಣಿಸುವ ಲಕ್ಷ್ಮೇಶ್ವರದ ಶಾಸನ ಈ ದೃಷ್ಟಿಯಿಂದ ಇನ್ನಷ್ಟು ಮಹತ್ತ್ವದ್ದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಮಾಡಿಕೊಟ್ಟ ಆ ವ್ಯವಸ್ಥೆಯಲ್ಲಿ ಅರಸನ ಅಧಿಕಾರಿಗಳ ಹೊಣೆಯನ್ನೂ ಊರವರ ಹೊಣೆಯನ್ನೂ ಬೇರೆಬೇರೆಯಾಗಿ ನಮೂದಿಸಿದೆ. ಕಳವು, ಸಣ್ಣಪುಟ್ಟ ತಪ್ಪುಗಳು ಮತ್ತು ದಶಾಪರಾಧಗಳಿಂದ ಬಂದ ಹಣ ಅಲ್ಲಿಯ ಶ್ರೇಣಿಗೆ ಸೇರಬೇಕೆಂದು ವಿಧಿಸಿದೆ.

ಈ ಶಾಸನವನ್ನು ಸ್ಥಳೀಯ ಸ್ವಯಮಾಡಳಿತದ ಹೆಗ್ಗುರುತೆಂದು ಕೊಂಡಾಡುವುದು ನಮ್ಮಲ್ಲಿ ರೂಢಿಯಾಗಿದೆ. ಕೊಂಡಾಡುವ ಭರದಲ್ಲಿ ಎರಡು ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಕೊಲೆ ಸುಲಿಗೆಗಳಂತಹ ಮಹಾಪರಾಧಗಳಲ್ಲದ, ಆದರೆ ನೆರೆಹೊರೆಯ ನೆಮ್ಮದಿ ಕೆಡಿಸುವ ನಡತೆ ಯಾವುದೆಂದು ಪಟ್ಟಿ ಮಾಡುವವರು ಯಾರು? ಪಟ್ಟಿ ಮಾಡಿದವರನ್ನು ತಡೆಯುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಕಾಗದಪತ್ರಗಳ ಆಧಾರದಿಂದ ದೀರ್ಘಕಾಲದ ಉತ್ತರ ದೊರೆಯುವ ದೇಶ ಇಂಗ್ಲೆಂಡು. ಕನ್ನಡ ಸಂಶೋಧಕರು ಅದನ್ನೇಕೆ ಗಮನಿಸಬೇಕೆಂಬುದಕ್ಕೆ ಕಾರಣವಿದೆ: ನಾವು ನೆಲೆಸಿರುವ ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಗಳ ಬೀದಿಗಳನ್ನು ಆಳುವ ಕಾಯಿದೆಗಳ ಮೂಲಮಾದರಿ ಅಲ್ಲಿಯದು. ಮಾದರಿ ಬಂದಿತು, ಅದರ ಒಡೆತನದಲ್ಲಿ ಪೌರಸಭೆಗಿದ್ದ ಪಾಲು ದಾರಿಯಲ್ಲಿಯೇ ಉಳಿಯಿತು. (ಕನ್ನಡದಲ್ಲಿ ‘ಶಾಸನ’ ಎಂಬ ಒಂದೇ ಶಬ್ದ ಕಲ್ಬರಹಕ್ಕೂ ವಿಧಾನಮಂಡಲದ ನಿರ್ಣಯಕ್ಕೂ ಸಲ್ಲುವುದರಿಂದ, ಎರಡನೆಯದನ್ನು ಇಲ್ಲಿ ‘ಕಾಯಿದೆ’ ಎಂದೇ ಕರೆದಿದ್ದೇನೆ.)

ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಕೆಲಸ ‘ಲೀಟ್’ ಎಂಬ ನ್ಯಾಯಸಭೆಯದು. ಊರವರಲ್ಲೇ ಆಯ್ದ ಪಂಚರು ನೆರೆಯವರ ತಪ್ಪುಗಳನ್ನು ಸಭೆಯ ಮುಂದಿಡುತ್ತಿದ್ದರು: ಕಲಬೆರಕೆಯ ಮದ್ಯ ಮಾರಿದವನು, ದಾರಿಗೆ ತಿಪ್ಪೆ ಹಾಕಿದವನು, ಗೋಡೆಗೆ ಕಿವಿಗೊಟ್ಟು ಪರರ ಮಾತು ಕದ್ದು ಕೇಳಿದವನು, ಜಗಳಗಂಟಿಯೆಂದು ಹೆಸರಾದ ಹೆಂಗಸು. ದಂಡದ ಹಣ ಲೀಟಿನ ಒಡೆಯನಿಗೆ ಸೇರುತ್ತಿತ್ತು. ಜಗಳಗಂಟಿಯನ್ನು ಕುರ್ಚಿಗೆ ಕಟ್ಟಿ ಮೆರೆಸುವ, ಮುಂದೆ ನೀರಿನಲ್ಲಿ ಮುಳುಗಿಸುವ ಶಿಕ್ಷೆಯೂ ಇತ್ತು. ಊರವರ ಕೈಯಲ್ಲಿರುವ ದಂಡ ಕರುಣೆಯ ದಂಡವಾಗಿರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಮಹಾಜನರ ವಿಷಯದಲ್ಲೂ ಈ ಎಚ್ಚರ ಬೇಕು. ಇನ್ನು 1285ರ ವಿಂಚೆಸ್ಟರ್ ಕಾಯಿದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪಟ್ಟಣದ ಬಾಗಿಲು ಮುಚ್ಚಬೇಕೆಂದೂ, ಕಾವಲಿನವರು ರಾತ್ರಿ ಕಂಡ ಅಪರಿಚಿತನನ್ನು ಬೆಳಗಾಗುವವರೆಗೆ ಹಿಡಿದಿಡಬೇಕೆಂದೂ ವಿಧಿಸಿತು. ಅಪರಿಚಿತನೇ ಮೊದಲ ಶಂಕಿತನೆಂಬ ಭಾವನೆ ಅಂದಿನಿಂದ ಇಂದಿನವರೆಗೆ ಈ ವಿಷಯವನ್ನು ಬಿಟ್ಟು ಹೋಗಿಲ್ಲ.

ನಿರ್ಣಾಯಕವಾದ ವರ್ಷ 1835. ಆ ವರ್ಷದ ಪೌರಸಂಸ್ಥೆಗಳ ಕಾಯಿದೆ 178 ಪಟ್ಟಣಗಳಿಗೆ ಚುನಾಯಿತ ಸಭೆಗಳನ್ನು ಕೊಟ್ಟಿತು. ಅದರ 90ನೆಯ ಪ್ರಕರಣದಂತೆ ಪಟ್ಟಣದ ಸುವ್ಯವಸ್ಥೆಗಾಗಿಯೂ ಉಪದ್ರವಗಳ ನಿವಾರಣೆಗಾಗಿಯೂ ಸಭೆ ತಾನೇ ಉಪವಿಧಿಗಳನ್ನು ರಚಿಸಬಹುದು; ದಂಡ 5 ಪೌಂಡನ್ನು ಮೀರಬಾರದು. ಇಲ್ಲಿ ಲಕ್ಷಿಸಬೇಕಾದದ್ದು ಅಧಿಕಾರವನ್ನಷ್ಟೇ ಅಲ್ಲ, ಅದಕ್ಕೆ ಹಾಕಿದ ಕಡಿವಾಣವನ್ನು. ಉಪವಿಧಿ ಮಾಡುವಾಗ ಸದಸ್ಯರ ಮೂರನೆಯ ಎರಡು ಭಾಗ ಹಾಜರಿರಬೇಕು. ಅದರ ಪ್ರತಿಯನ್ನು ಸರ್ಕಾರದ ಕಾರ್ಯದರ್ಶಿಗೆ ಕಳುಹಿಸಿ 40 ದಿನ ಕಾಯಬೇಕು. ಆ ಅವಧಿಯಲ್ಲಿ ದೊರೆ ತನ್ನ ಮಂತ್ರಾಲೋಚನ ಸಭೆಯ ಮೂಲಕ ಅದನ್ನು ತಳ್ಳಿಹಾಕಬಹುದು. ಅದೇ ಕಾಯಿದೆ ಪ್ರತಿ ಪಟ್ಟಣದಲ್ಲೂ ಸಭೆಯ ಸದಸ್ಯರಿಂದಲೇ ಕೂಡಿದ ಕಾವಲು ಸಮಿತಿಯನ್ನು ರಚಿಸಿ ಪೊಲೀಸರನ್ನು ಅದರ ಅಧೀನದಲ್ಲಿಟ್ಟಿತು. ಲಂಡನ್ನಿನ ವ್ಯವಸ್ಥೆ ಬೇರೆ. ಅಲ್ಲಿ 1829ರಲ್ಲಿ ಹುಟ್ಟಿದ ಮಹಾನಗರ ಪೊಲೀಸ್ ದಳ ಯಾವ ಪೌರಸಭೆಗೂ ಉತ್ತರ ಹೇಳಬೇಕಾಗಿರಲಿಲ್ಲ. ಅದು ಗೃಹಖಾತೆಯ ಅಧೀನ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಭಾರತಕ್ಕೆ ಬಂದದ್ದು ಯಾವುದೆಂಬುದು ಇದರಿಂದ ತಿಳಿಯುತ್ತದೆ.

ಪಟ್ಟಿಗಳ ಸ್ವಾರಸ್ಯಕ್ಕೆ ಹೋದರೆ ವಿಷಯಾಂತರವಾದೀತು. ಆದರೂ 1839ರ ಲಂಡನ್ ಪೊಲೀಸ್ ಕಾಯಿದೆಯ 54ನೆಯ ಪ್ರಕರಣವನ್ನೂ 1847ರ ಪಟ್ಟಣ ಪೊಲೀಸ್ ಕಾಯಿದೆಯ 28ನೆಯ ಪ್ರಕರಣವನ್ನೂ ಒಮ್ಮೆ ಓದಿ ನೋಡಬೇಕು. ಬೀದಿಯಲ್ಲಿ ಜನರಿಗೆ ತೊಂದರೆಯಾಗುವಂತೆ ಗಾಳಿಪಟ ಹಾರಿಸುವುದು, ಹಿಮದ ಮೇಲೆ ಜಾರುವುದು, ಸುಮ್ಮನೆ ಮನೆಗಳ ಗಂಟೆ ಬಾರಿಸಿ ಓಡುವುದು, ಅಶ್ಲೀಲ ಹಾಡು ಹಾಡುವುದು ಇವೆಲ್ಲ ಅಲ್ಲಿವೆ. 1847ರದರಲ್ಲಿ ಜಮಖಾನ ಕೊಡವುವುದೂ ಅಪರಾಧ. ಬಾಗಿಲ ಮುಂದಿನ ಕಾಲೊರಸನ್ನು ಮಾತ್ರ ಬೆಳಿಗ್ಗೆ 8 ಗಂಟೆಯೊಳಗೆ ಕೊಡವಬಹುದು. ದಂಡ 40 ಷಿಲಿಂಗಿನವರೆಗೆ, ಇಲ್ಲವೇ 14 ದಿನದವರೆಗೆ ಸೆರೆ. ಮಧ್ಯಮ ವರ್ಗದ ಗೃಹಸ್ಥ ತನ್ನ ಕಿಟಕಿಯಿಂದ ನೋಡಿದ ಬೀದಿ ಇದು. ಬೀದಿಯೇ ಅಂಗಳವಾಗಿದ್ದ ಬಡವರ ಮಕ್ಕಳಿಗೆ ಈ ಪಟ್ಟಿ ಹೇಗೆ ಕಂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

1888ರ ಸ್ಥಳೀಯ ಸರ್ಕಾರ ಕಾಯಿದೆ ಉಪವಿಧಿಯ ಅಧಿಕಾರವನ್ನು ಹೊಸ ಜಿಲ್ಲಾ ಸಭೆಗಳಿಗೂ ವಿಸ್ತರಿಸಿತು. ಕೆಂಟ್ ಜಿಲ್ಲಾ ಸಭೆ ಮಾಡಿದ ಉಪವಿಧಿಯೊಂದು ಹೀಗಿತ್ತು: ವಾಸದ ಮನೆಯಿಂದ 50 ಗಜದೊಳಗೆ ಸಾರ್ವಜನಿಕ ಸ್ಥಳದಲ್ಲಿ ವಾದ್ಯ ನುಡಿಸುತ್ತಿರುವವನು ಅಥವಾ ಹಾಡುತ್ತಿರುವವನು, ಪೊಲೀಸನಾಗಲಿ ಮನೆಯವರಾಗಲಿ ನಿಲ್ಲಿಸೆಂದು ಹೇಳಿದೊಡನೆ ನಿಲ್ಲಿಸಬೇಕು. ಯಾರಿಗಾದರೂ ನಿಜವಾಗಿ ತೊಂದರೆಯಾಯಿತೆಂದು ಸಿದ್ಧಪಡಿಸಬೇಕಾದ ಅಗತ್ಯವೇ ಅದರಲ್ಲಿರಲಿಲ್ಲ. ಬೀದಿಯಲ್ಲಿ ಪ್ರಾರ್ಥನಾಸಭೆ ನಡೆಸುತ್ತಿದ್ದ ಕ್ರೂಸ್ ಎಂಬಾತ ಪೊಲೀಸರು ಹೇಳಿದ ಮೇಲೂ ನಿಲ್ಲಿಸದೆ ದಂಡಕ್ಕೆ ಗುರಿಯಾದನು. ಉಪವಿಧಿಯೇ ಅಸಿಂಧುವೆಂದು ವಾದಿಸಿದನು. 1898ರಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ರಸೆಲ್ ಕೊಟ್ಟ ತೀರ್ಪು ಈ ವಿಷಯದಲ್ಲಿ ಇಂದಿಗೂ ಮೂಲಗ್ರಂಥದಂತಿದೆ. ಚುನಾಯಿತ ಸಭೆಯ ಉಪವಿಧಿಯನ್ನು ನ್ಯಾಯಾಲಯ ಸಹಾನುಭೂತಿಯಿಂದ ಓದಬೇಕು. ತಾನಾಗಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲವೆಂಬ ಕಾರಣಕ್ಕೆ ಅದನ್ನು ರದ್ದುಮಾಡಬಾರದು. ಆದರೆ ಅದು ವರ್ಗವರ್ಗಗಳ ನಡುವೆ ಪಕ್ಷಪಾತ ಮಾಡಿದರೆ, ಮೇಲ್ನೋಟಕ್ಕೇ ಅನ್ಯಾಯವಾಗಿದ್ದರೆ, ದುರುದ್ದೇಶದಿಂದ ಕೂಡಿದ್ದರೆ, ಯಾವ ವಿವೇಕಿಯೂ ಒಪ್ಪದಷ್ಟು ದಬ್ಬಾಳಿಕೆಯದಾಗಿದ್ದರೆ ನಿಲ್ಲದು. ಹೀಗೆ ಹೇಳಿ ಕೆಂಟಿನ ಉಪವಿಧಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ನ್ಯಾಯಮೂರ್ತಿ ಮ್ಯಾಥ್ಯೂ ಒಬ್ಬರೇ ಭಿನ್ನಮತ ತಳೆದರು. ನನ್ನ ಅಭಿಪ್ರಾಯದಲ್ಲಿ ತತ್ತ್ವ ಲಾರ್ಡ್ ರಸೆಲ್‌ರದು ಸರಿ, ನ್ಯಾಯ ಮ್ಯಾಥ್ಯೂರದು ಸರಿ. ಭಾರತದ ನ್ಯಾಯಾಲಯಗಳೂ ಪೌರಸಂಸ್ಥೆಗಳ ಉಪವಿಧಿಗಳನ್ನು ಪರಿಶೀಲಿಸುವಾಗ ಈ ತೀರ್ಪನ್ನು ಉದ್ಧರಿಸುತ್ತ ಬಂದಿವೆ.

ಇಪ್ಪತ್ತನೆಯ ಶತಮಾನದ ಬಹುಭಾಗವನ್ನು ಬೇಗ ದಾಟಬಹುದು. 1972ರ ಕಾಯಿದೆಯ 235ನೆಯ ಪ್ರಕರಣ ಹಳೆಯ ಅಧಿಕಾರವನ್ನೇ ಹೊಸ ಮಾತಿನಲ್ಲಿ ಮುಂದುವರಿಸಿತು. ನಿಜವಾದ ತಿರುವು 1998ರದು. ಆ ವರ್ಷದ ಕಾಯಿದೆ ‘ಸಮಾಜವಿರೋಧಿ ವರ್ತನೆ’ಯನ್ನು, ತನ್ನ ಮನೆಯವರಲ್ಲದ ಒಬ್ಬರಿಗಾದರೂ ಕಿರುಕುಳ, ಗಾಬರಿ ಅಥವಾ ಮನೋವ್ಯಥೆ ಉಂಟುಮಾಡುವ ಇಲ್ಲವೇ ಉಂಟುಮಾಡಬಹುದಾದ ನಡತೆಯೆಂದು ವಿವರಿಸಿತು. ಗಾಳಿಪಟ, ಗಂಟೆ, ಜಮಖಾನಗಳ ಪಟ್ಟಿ ಇಲ್ಲಿ ಮಾಯವಾಯಿತು; ಅದರ ಸ್ಥಾನದಲ್ಲಿ ನೋಡುವವನ ಮನಸ್ಸು ಬಂದಿತು. ಪೌರಸಭೆ ಅಥವಾ ಪೊಲೀಸರ ಅರ್ಜಿಯ ಮೇಲೆ ನ್ಯಾಯಾಲಯ ನಿರ್ದಿಷ್ಟ ವ್ಯಕ್ತಿಯ ಮೇಲೆ ಹೊರಡಿಸುವ ಈ ಆದೇಶ ಸಿವಿಲ್ ಸ್ವರೂಪದ್ದು. ಆದರೆ ಮುರಿದವನಿಗೆ 5 ವರ್ಷದವರೆಗೆ ಸೆರೆ. ಈ ವೈಪರೀತ್ಯವನ್ನು ಕಂಡೇ 2002ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು, ನಡವಳಿ ಸಿವಿಲ್ ಆದರೂ ಆರೋಪದ ಸಾಕ್ಷ್ಯ ಕ್ರಿಮಿನಲ್ ಮೊಕದ್ದಮೆಯಷ್ಟೇ ಗಟ್ಟಿಯಾಗಿರಬೇಕೆಂದರು.

2014ರ ಕಾಯಿದೆ ಆ ಆದೇಶವನ್ನು ತೆಗೆದುಹಾಕಿ, ಬೇರೆ ಕ್ರಮಗಳ ಜೊತೆಗೆ ‘ಸಾರ್ವಜನಿಕ ಸ್ಥಳ ಸಂರಕ್ಷಣಾ ಆದೇಶ’ವೆಂಬುದನ್ನು ತಂದಿತು. ಇದು ವ್ಯಕ್ತಿಯ ಮೇಲಲ್ಲ, ಸ್ಥಳದ ಮೇಲೆ. ಯಾವುದೋ ಚಟುವಟಿಕೆ ನೆರೆಹೊರೆಯ ಬದುಕಿಗೆ ಹಾನಿಕರವೂ ನಿರಂತರವೂ ಅಸಮಂಜಸವೂ ಆಗಿದೆಯೆಂದು ಪೌರಸಭೆಗೆ ತೋರಿದರೆ ಸಾಕು. ಪೊಲೀಸರೊಡನೆ ಸಮಾಲೋಚಿಸಿ ಗರಿಷ್ಠ 3 ವರ್ಷದ ಆದೇಶ ಹೊರಡಿಸಬಹುದು, ಅವಧಿ ಮುಗಿದಂತೆ ಮತ್ತೆ ವಿಸ್ತರಿಸಬಹುದು. 1835ರಂತೆ ಪ್ರತಿ ಕಳುಹಿಸಿ ಕಾಯುವ 40 ದಿನಗಳಿಲ್ಲ, ತಳ್ಳಿಹಾಕುವ ಮೇಲಧಿಕಾರಿಯಿಲ್ಲ. ಉಳಿದದ್ದು ಆರು ವಾರದೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗುವ ಹಕ್ಕು. ರಾತ್ರಿ ಮಲಗಲು ಸ್ಥಳವಿಲ್ಲದವನು ಅದನ್ನು ಬಳಸಿಯಾನೆಂದು ನಂಬುವುದು ಕಷ್ಟ. 2015ರಲ್ಲಿ ಲಂಡನ್ನಿನ ಹ್ಯಾಕ್ನಿ ಪೌರಸಭೆ ಬೀದಿಯಲ್ಲಿ ಮಲಗುವವರನ್ನೂ ಇಂಥ ಆದೇಶದ ವ್ಯಾಪ್ತಿಗೆ ತಂದಾಗ ಸಾರ್ವಜನಿಕರ ಪ್ರತಿಭಟನೆ ಎದ್ದು ಸಭೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಪೌರಸಭೆಯನ್ನು ತಡೆದದ್ದು ಮತದಾರರ ಕೂಗು. ಆದೇಶ ಹೊರಡಿಸಿದವರು ಮತ ಕೇಳಬೇಕಾದವರಾಗಿದ್ದರಿಂದಲೇ ಆ ಕೂಗಿಗೆ ಬೆಲೆ ಬಂದಿತು.

ಭಾರತದ ಕಡೆಗೆ ತಿರುಗಿದಾಗ ವ್ಯತ್ಯಾಸ ಇಲ್ಲಿಯೇ ಎದ್ದು ಕಾಣುತ್ತದೆ. 1861ರ ಪೊಲೀಸ್ ಕಾಯಿದೆಯ 34ನೆಯ ಪ್ರಕರಣ ಬೀದಿಯಲ್ಲಿ ದನ ಕಡಿಯುವುದು, ಕುದುರೆಯನ್ನು ಅಡ್ಡಾದಿಡ್ಡಿ ಓಡಿಸುವುದು, ದಾರಿಗಡ್ಡವಾಗಿ ಸರಕು ಹರಡುವುದು, ಕಸ ಚೆಲ್ಲುವುದು, ಕುಡಿದು ಗದ್ದಲ ಮಾಡುವುದು ಮುಂತಾದವನ್ನು ಪಟ್ಟಿಮಾಡಿ 50 ರೂಪಾಯಿ ದಂಡ ಅಥವಾ 8 ದಿನ ಸೆರೆಯ ಮಿತಿ ಹಾಕುತ್ತದೆ. 1847ರ ಪಟ್ಟಿಯ ನೆರಳು ಸ್ಪಷ್ಟ. ಪೌರಸಭೆಯ ಹೆಸರು ಮಾತ್ರ ಇಲ್ಲ. ಮದರಾಸು ನಗರದ 1888ರ ಪೊಲೀಸ್ ಕಾಯಿದೆ, ಮುಂಬಯಿ ನಗರದ 1902ರದು, ಹೈದರಾಬಾದಿನ 1348 ಫಸಲಿಯದು, ಮುಂಬಯಿ ರಾಜ್ಯದ 1951ರದು, ದೆಹಲಿಯ 1978ರದು ಎಲ್ಲವೂ ಬೀದಿಯ ನಡತೆಯನ್ನು ಪೊಲೀಸ್ ಆಯುಕ್ತನ ಕೈಗಿತ್ತವು. ಕರ್ನಾಟಕವೂ ಹೊರತಲ್ಲ, ಅಲ್ಲಿನ 1963ರ ಕಾಯಿದೆಯ 92ನೆಯ ಪ್ರಕರಣ ಇದೇ ಕುಲದ್ದು. ಅಂದರೆ ನಮ್ಮ ನಗರಗಳಿಗೆ ದೊರೆತದ್ದು ಮ್ಯಾಂಚೆಸ್ಟರ್, ಲೀಡ್ಸ್‌ಗಳ ಮಾದರಿಯಲ್ಲ, ಲಂಡನ್ನಿನದು. ನಗರಪಾಲಿಕೆಗೆ ಚರಂಡಿ, ದೀಪ, ಕಸ; ಆಯುಕ್ತನಿಗೆ ಮನುಷ್ಯ. 1992ರ 74ನೆಯ ತಿದ್ದುಪಡಿಯೂ ಈ ವಿಭಜನೆಯನ್ನು ಅಲುಗಿಸಲಿಲ್ಲ: ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಉದ್ಯಾನ, ಸ್ಮಶಾನ, ದನದ ದೊಡ್ಡಿಗಳಿವೆ, ಬೀದಿಯ ಸುವ್ಯವಸ್ಥೆ ಇಲ್ಲ. ಮುಂಬಯಿ ಮಹಾನಗರಪಾಲಿಕೆ 2006ರ ಉಪವಿಧಿಗಳಲ್ಲಿ ಉಗುಳುವುದಕ್ಕೆ 200 ರೂಪಾಯಿ ದಂಡ ವಿಧಿಸಿದ್ದು ಸಹ ನೈರ್ಮಲ್ಯದ ಬಾಗಿಲಿನಿಂದಲೇ. ಬೀದಿ ವ್ಯಾಪಾರಿಗಳ 2014ರ ಕಾಯಿದೆ ಒಂದು ಅಪವಾದ. ಅದರ ಪಟ್ಟಣ ಸಮಿತಿಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು.

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರಿಗೆ ಇದು ದೂರದ ವಿಷಯವಲ್ಲ. ಮುಂಬಯಿಯ ಉಡುಪಿ ಹೋಟೆಲುಗಳು ನಗರಪಾಲಿಕೆಯ ಆರೋಗ್ಯ ಪರವಾನಗಿಯ ಜೊತೆಗೆ 1951ರ ಕಾಯಿದೆಯಂತೆ ಪೊಲೀಸರಲ್ಲಿಯೂ ‘ಉಪಾಹಾರಗೃಹ’ವೆಂದು ನೋಂದಾಯಿಸಿಕೊಳ್ಳಬೇಕಾಗಿತ್ತು. ಊಟ ಬಡಿಸುವ ಜಾಗವನ್ನು ಗುಂಪು ಸೇರುವ ಜಾಗವೆಂದು ಕಂಡ ಕಾಯಿದೆ ಅದು. ನಮ್ಮ ಹೋಟೆಲು ಉದ್ಯಮದ ಬಗ್ಗೆ ಬಂದಿರುವ ಬರಹಗಳು ಮಾಲೀಕರ ಸಾಹಸವನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಈ ಎರಡು ದಫ್ತರಗಳನ್ನು ಎದುರುಬದುರು ಇಟ್ಟು ನೋಡುವ ಕೆಲಸ ಯುವ ಸಂಶೋಧಕರಿಗೆ ಕಾದಿದೆ. ದೆಹಲಿಯಲ್ಲಿ ಹೋಟೆಲು, ಉಪಾಹಾರಗೃಹ, ಈಜುಕೊಳ, ಸಭಾಂಗಣ ಸೇರಿ ಏಳು ಬಗೆಯ ಸ್ಥಳಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು 2025ರ ಜೂನ್ ತಿಂಗಳಲ್ಲಿ ಪೊಲೀಸರಿಂದ ಹಿಂತೆಗೆದುಕೊಂಡು, ಆಯಾ ಸ್ಥಳೀಯ ಸಂಸ್ಥೆಗಳಿಗೂ ಇಲಾಖೆಗಳಿಗೂ ಬಿಟ್ಟುಕೊಡಲಾಯಿತು. ಅಲ್ಲಿಯ ಬೀದಿಯ ಮೇಲೆ ಹಾಡುವವನ, ಮಲಗುವವನ ವಿಷಯ 1978ರಲ್ಲಿ ಇದ್ದ ಕೈಯಲ್ಲಿಯೇ ಇದೆ.