ಬೆಂಕಿ ಬೆಟ್ಟದ ಹಿಮದಲ್ಲಿ ಕೊಡಗಿನ ಹೆಣ್ಣುಮಗಳು

ತೋಲ್ಪೆಟ್ಟಿ ದಾಟಿದರೆ ಕುಟ್ಟ, ಅಲ್ಲಿಂದ ಕೊಡಗು. ವಯನಾಡಿನ ನಮಗೂ ಕೊಡಗಿನವರಿಗೂ ಕಾಫಿ, ಕರಿಮೆಣಸು, ಮಳೆ, ಆನೆ ಎಲ್ಲವೂ ಒಂದೇ. ಹಿಮ ಮಾತ್ರ ಇಬ್ಬರಿಗೂ ಇಲ್ಲ. ಬೆಳಿಗ್ಗೆ ಗದ್ದೆಯ ಮೇಲೆ ಕವಿಯುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು ಎಂದೇ ನಮ್ಮ ಆಡುಮಾತು. ಮಲಯಾಳದಲ್ಲೂ ಹಾಗೆಯೇ.

ಇಂಥ ಕೊಡಗಿನ ತೆಕ್ಕಡ ಭವಾನಿ ನಂಜುಂಡ 2025ರಲ್ಲಿ ಚಿಲಿ ದೇಶದ ಕೊರಾಲ್ಕೊದಲ್ಲಿ 5 ಕಿ.ಮೀ. ಸ್ಕೀ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಇವರು.

ಕೊರಾಲ್ಕೊ ಇರುವುದು ಲೊಂಕಿಮಾಯ್ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಿ. ಎತ್ತರ 2,865 ಮೀಟರ್. ನೋಡಿದರೆ ಆರಿ ತಣ್ಣಗಾದ ಬೆಟ್ಟ. ಆದರೆ 1988ರ ಡಿಸೆಂಬರ್ 25ರಂದು ಅದರ ಪಕ್ಕೆ ಒಡೆದು ಹೊಸ ಬಾಯಿ ತೆರೆಯಿತು. ಕ್ರಿಸ್‌ಮಸ್ ದಿನವಾದ್ದರಿಂದ ಅದಕ್ಕೆ 'ನಾವಿದಾದ್' ಎಂದೇ ಹೆಸರಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಕ್ರಿಸ್‌ಮಸ್. 1990ರ ಜನವರಿವರೆಗೂ ಅದು ಉಗುಳುತ್ತಲೇ ಇತ್ತು. ಬೂದಿಯಲ್ಲಿದ್ದ ಫ್ಲೋರಿನ್‌ನಿಂದ ಹುಲ್ಲು ವಿಷವಾಗಿ ಮೇಯ್ದ ದನಗಳು ಸತ್ತವು. ಆದ್ದರಿಂದ ಇದು ಮಲಗಿರುವ ಬೆಟ್ಟ, ಸತ್ತ ಬೆಟ್ಟವಲ್ಲ. ನಿಜವಾಗಿ ಆರಿಹೋದ ಲಾವಾ ನೋಡಬೇಕಾದರೆ ಉಡುಪಿಯ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕಂಬದಂಥ ಕಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ.

ಸ್ಕೀ ಮೊದಲು ಆಟವಾಗಿರಲಿಲ್ಲ. 'ಸೀಳಿದ ಮರ' ಎಂಬುದೇ ಆ ಪದದ ಮೂಲ ಅರ್ಥ. ಹಿಮದ ನಾಡಿನ ಜನ ಸಾವಿರಾರು ವರ್ಷಗಳಿಂದ ಬೇಟೆಗೂ ಪ್ರಯಾಣಕ್ಕೂ ಮರದ ಹಲಗೆ ಕಟ್ಟಿಕೊಂಡು ಜಾರುತ್ತಿದ್ದರು. 19ನೇ ಶತಮಾನದಲ್ಲಿ ನಾರ್ವೆಯ ಟೆಲಿಮಾರ್ಕಿನ ಸೋಂದ್ರೆ ನೂರ್‌ಹೈಮ್ ಎಂಬ ಬಡ ರೈತ ಇದಕ್ಕೆ ಆಟದ ರೂಪ ಕೊಟ್ಟ. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಕ್ರಾಸ್ ಕಂಟ್ರಿ ಸೇರಿತು. ಮಹಿಳೆಯರು ಮಾತ್ರ 1952ರವರೆಗೆ ಕಾಯಬೇಕಾಯಿತು!

ನಮಗೆ ಮುಂಗಾರು ಇರುವಾಗ ಚಿಲಿಯಲ್ಲಿ ಚಳಿಗಾಲ. ಅದಕ್ಕೇ ಉತ್ತರ ಗೋಳಾರ್ಧದ ಸ್ಕೀಪಟುಗಳು ಆ ತಿಂಗಳುಗಳಲ್ಲಿ ಅಲ್ಲಿಗೆ ಹೋಗುತ್ತಾರೆ. ಋತುಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಈ ವಿಷಯ ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಸರ್, ಹಿಮವೇ ಇಲ್ಲದ ಊರಿನವರು ಹೇಗೆ ಕಲಿತರು?" ಹಿಮ ಇರುವಲ್ಲಿಗೆ ಹೋಗಿ ಕಲಿತರು, ಅಷ್ಟೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಕ್ರೀಡಾಕೂಟದಲ್ಲೂ ಭವಾನಿ ಚಿನ್ನ ಗೆದ್ದಿದ್ದಾರೆ. ಹಿಮ ಕರಗಿದ ಮೇಲೆ ಚಕ್ರವಿರುವ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲೂ ಅಭ್ಯಾಸ ಮಾಡುವ ಪದ್ಧತಿ ಈ ಆಟದಲ್ಲಿದೆ.

ಗಡಿಯಾಚೆ ಕನ್ನಡದಲ್ಲಿ ಓದುವ ನಮ್ಮ ಮಕ್ಕಳಿಗೆ "ಇಲ್ಲಿ ಅದಿಲ್ಲ, ಇದಿಲ್ಲ" ಎಂಬ ಮಾತು ಕೇಳಿ ಕೇಳಿ ಅಭ್ಯಾಸವಾಗಿಬಿಟ್ಟಿದೆ. ಹೇಳುವವರಲ್ಲಿ ನಾನೂ ಒಬ್ಬ. ಅಂದು ಆ ಹುಡುಗಿ ಭೂಪಟದಲ್ಲಿ ಚಿಲಿಯನ್ನು ತಾನೇ ಹುಡುಕಿ ಬೆರಳಿಟ್ಟು ತೋರಿಸಿದಳು.