ಭದ್ರಾವತಿಯ ಜನಜೀವನ ಮತ್ತು ಸ್ಥಳೀಯ ಸುದ್ದಿ

ಭದ್ರಾವತಿಯು ಕರ್ನಾಟಕದ ಶಿವಮೊಗ್ಗ ಜಿಲ್ಲೆಯಲ್ಲಿ ಭದ್ರಾ ನದಿಯ ದಡದಲ್ಲಿರುವ ಕೈಗಾರಿಕಾ ನಗರ ಹಾಗೂ ತಾಲ್ಲೂಕು ಕೇಂದ್ರ. ಇದರ ಹಿಂದಿನ ಹೆಸರು ಬೆಂಕಿಪುರ. ಈ ನಗರವು ಶಿವಮೊಗ್ಗದಿಂದ ಸುಮಾರು 20 ಕಿ.ಮೀ., ಬೆಂಗಳೂರಿನಿಂದ ಸುಮಾರು 250 ಕಿ.ಮೀ. ದೂರದಲ್ಲಿದೆ. ಕಬ್ಬಿಣ-ಉಕ್ಕು ಹಾಗೂ ಕಾಗದ ಎಂಬ ಎರಡು ಉದ್ಯಮಗಳ ಸುತ್ತ ಬೆಳೆದ ಈ ಊರಿನಲ್ಲಿ ವಸತಿ, ಶಾಲೆ, ಆಸ್ಪತ್ರೆ, ಕ್ರೀಡೆ, ರಂಗಭೂಮಿಗಳು ದೀರ್ಘಕಾಲ ಕಾರ್ಖಾನೆಗಳ ಆಶ್ರಯದಲ್ಲಿದ್ದವು. ಕಾರ್ಖಾನೆಗಳು ಕ್ಷೀಣಿಸಿದ ನಂತರವೂ ಆ ಸಾಮುದಾಯಿಕ ಬದುಕನ್ನು ಉಳಿಸಿಕೊಳ್ಳುವುದು ನಗರದ ಮುಂದಿರುವ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಕೈಗಾರಿಕೆ ಬರುವ ಮುನ್ನ ಭದ್ರಾವತಿಯು ನದಿಯ ದಡದ ಒಂದು ಸಣ್ಣ ಊರಾಗಿತ್ತು. ಹಳೇನಗರದಲ್ಲಿರುವ ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಾಲಯವು ಊರಿನ ಪ್ರಾಚೀನತೆಗೆ ಸಾಕ್ಷಿ. ಮೂರು ಗರ್ಭಗುಡಿಗಳುಳ್ಳ ಈ ತ್ರಿಕೂಟ ದೇವಾಲಯ 13ನೇ ಶತಮಾನದ್ದು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಸರ್ಕಾರವು ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಯೋಜನೆಯ ರೂವಾರಿ. 1923ರಲ್ಲಿ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಭದ್ರಾವತಿ ಸಮೀಪದ ಸುಣ್ಣಕಲ್ಲು, ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ತಯಾರಿಸಿದ ಇದ್ದಿಲು ಇವು ಮೂಲ ಸಾಮಗ್ರಿಗಳಾಗಿದ್ದವು. ಕಲ್ಲಿದ್ದಲು ದೊರೆಯದ ಪ್ರದೇಶದಲ್ಲಿ ಇದ್ದಿಲಿನಿಂದಲೇ ಊದುಕುಲುಮೆ ನಡೆಸಿದ್ದು ಈ ಕಾರ್ಖಾನೆಯ ವೈಶಿಷ್ಟ್ಯ. ಜೋಗದ ಜಲವಿದ್ಯುತ್ ದೊರೆತ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಇದು ‘ಎಂಪಿಎಂ’. 1977ರಲ್ಲಿ ಇದು ಸರ್ಕಾರಿ ಕಂಪನಿಯಾಯಿತು. 1980ರ ದಶಕದಿಂದ ಇಲ್ಲಿ ಪತ್ರಿಕೆಗಳ ಮುದ್ರಣಕ್ಕೆ ಬೇಕಾದ ಕಾಗದ ತಯಾರಾಗತೊಡಗಿತು. ಹೀಗೆ ನಾಡಿನ ಸುದ್ದಿಯನ್ನು ಹೊತ್ತ ಕಾಗದ ಈ ಊರಿನಿಂದಲೂ ಹೊರಟಿತು.

ಕಬ್ಬಿಣದ ಕಾರ್ಖಾನೆಯು 1976ರಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ (ವಿಐಎಸ್‌ಎಲ್) ಎಂಬ ಹೆಸರು ಪಡೆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೈಲ್) ಅಧೀನ ಸಂಸ್ಥೆಯಾಗಿ, 1998ರಲ್ಲಿ ಅದರಲ್ಲಿ ವಿಲೀನಗೊಂಡಿತು.

ಬಡಾವಣೆಗಳು ಮತ್ತು ಜನರು

ನಗರದ ವಿನ್ಯಾಸದಲ್ಲೇ ಅದರ ಇತಿಹಾಸವನ್ನು ಕಾಣಬಹುದು. ದೇವಾಲಯದ ಸುತ್ತಲಿನ ಭಾಗ ಹಳೇನಗರ. ಉಕ್ಕಿನ ಕಾರ್ಖಾನೆಯ ನೌಕರರಿಗಾಗಿ ಬೆಳೆದದ್ದು ನ್ಯೂಟೌನ್. ಕಾಗದ ಕಾರ್ಖಾನೆಯ ಬಳಿಯದು ಕಾಗದನಗರ. ಇದನ್ನು ಪೇಪರ್‌ಟೌನ್ ಎಂದೂ ಕರೆಯುತ್ತಾರೆ. ಜನ್ನಾಪುರ, ಹೊಸಮನೆ, ಸಿದ್ದಾಪುರ, ಹುತ್ತಾ ಕಾಲೋನಿ ಮುಂತಾದವು ಇತರ ಬಡಾವಣೆಗಳು.

ಉದ್ಯೋಗವನ್ನು ಅರಸಿ ಬಂದವರಲ್ಲಿ ಕರ್ನಾಟಕದ ನಾನಾ ಭಾಗದವರಲ್ಲದೆ ತಮಿಳು, ತೆಲುಗು, ಮಲಯಾಳ, ಮರಾಠಿ, ಉರ್ದು ಮಾತನಾಡುವವರೂ ಇದ್ದರು. ಒಂದೇ ಸಾಲಿನ ಕಾರ್ಖಾನೆ ಮನೆಗಳಲ್ಲಿ ಹಲವು ಮನೆಮಾತಿನ ಕುಟುಂಬಗಳು ನೆಲೆಸಿದವು. ಬೀದಿಯ ಹಾಗೂ ಕೆಲಸದ ಸಮಾನ ಭಾಷೆ ಕನ್ನಡವಾಯಿತು. ದೇವಾಲಯ, ಮಸೀದಿ, ಚರ್ಚುಗಳು ಬಡಾವಣೆಗಳಲ್ಲಿ ಅಕ್ಕಪಕ್ಕದಲ್ಲಿ ಬೆಳೆದವು. ಪಾಳಿ ಬದಲಾಗುವ ಹೊತ್ತು ಮನೆಯ ಊಟ, ಅಂಗಡಿಯ ವ್ಯಾಪಾರಗಳ ವೇಳೆಯನ್ನೂ ನಿರ್ಧರಿಸುತ್ತಿತ್ತು.

2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ರಾಜ್ಯದ ಬಹುತೇಕ ನಗರಗಳು ಬೆಳೆಯುತ್ತಿದ್ದ ದಶಕದಲ್ಲಿ ಇಲ್ಲಿ ಜನಸಂಖ್ಯೆ ಕುಗ್ಗಿದ್ದು ಗಮನಾರ್ಹ.

ಸ್ಥಳೀಯ ಸುದ್ದಿ ಮತ್ತು ಆಕಾಶವಾಣಿ

ಆಕಾಶವಾಣಿಯ ಭದ್ರಾವತಿ ಕೇಂದ್ರವು 1965ರ ಫೆಬ್ರವರಿ 7ರಂದು ಆರಂಭವಾಯಿತು. ಜಿಲ್ಲಾ ಕೇಂದ್ರವಲ್ಲದ ಊರೊಂದಕ್ಕೆ ಬಾನುಲಿ ಕೇಂದ್ರ ದೊರೆತದ್ದು ಆ ಕಾಲದಲ್ಲಿ ಭದ್ರಾವತಿಗಿದ್ದ ಮಹತ್ವವನ್ನು ತೋರಿಸುತ್ತದೆ. 675 ಕಿಲೋಹರ್ಟ್ಸ್ ಮಧ್ಯಮ ತರಂಗಾಂತರದ ಪ್ರಸಾರದ ಮೂಲಕ ಮಲೆನಾಡಿನ ಮತ್ತು ಬಯಲುಸೀಮೆಯ ಅಂಚಿನ ಕೇಳುಗರಿಗೆ ಇದು ಪರಿಚಿತವಾಯಿತು. ಕೃಷಿ, ಮಹಿಳೆಯರ ಹಾಗೂ ಮಕ್ಕಳ ಕಾರ್ಯಕ್ರಮಗಳು, ನಾಟಕ, ಜಾನಪದ ಗೀತೆ, ಸುಗಮ ಸಂಗೀತಗಳಿಗೆ ಸ್ಥಳೀಯ ಕಲಾವಿದರು ದನಿಯಾದರು. ‘ಆಕಾಶವಾಣಿ ಭದ್ರಾವತಿ’ ಎಂಬ ಉದ್ಘೋಷಣೆಯಿಂದಲೇ ಈ ಊರಿನ ಹೆಸರನ್ನು ಮೊದಲು ಕೇಳಿದ ಹಳ್ಳಿಗರು ಅನೇಕರು.

ಊರಿನ ದೈನಂದಿನ ವಿದ್ಯಮಾನಗಳು ಶಿವಮೊಗ್ಗದ ದಿನಪತ್ರಿಕೆಗಳಲ್ಲಿಯೂ ರಾಜ್ಯಮಟ್ಟದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿಯೂ ವರದಿಯಾಗುತ್ತವೆ. ನಗರಸಭೆಯ ಸಭೆ, ಕುಡಿಯುವ ನೀರು, ರಸ್ತೆ, ಕಾರ್ಮಿಕ ಸಂಘಗಳ ಹೇಳಿಕೆ, ಶಾಲಾ ವಾರ್ಷಿಕೋತ್ಸವ, ನಿಧನ ವಾರ್ತೆಗಳು ಇವುಗಳಲ್ಲಿ ಮುಖ್ಯವಾದವು.

ಮಳೆಗಾಲದಲ್ಲಿ ಭದ್ರಾ ನದಿಯ ನೀರಿನ ಮಟ್ಟವೇ ದೊಡ್ಡ ಸುದ್ದಿ. ನಗರದ ಮೇಲ್ಭಾಗದಲ್ಲಿ, ಲಕ್ಕವಳ್ಳಿಯಲ್ಲಿ, ಭದ್ರಾ ಜಲಾಶಯವಿದೆ. ಅದರ ಗರಿಷ್ಠ ಮಟ್ಟ 186 ಅಡಿ. ಜಲಾಶಯ ತುಂಬಿ ಹೆಚ್ಚಿನ ನೀರು ಹೊರಬಿಟ್ಟಾಗ ನಗರದ ಹೊಸ ಸೇತುವೆ ಮುಳುಗುತ್ತದೆ. ಕವಲಗುಂದಿ ಮುಂತಾದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿ, ನಿವಾಸಿಗಳು ಕಾಳಜಿ ಕೇಂದ್ರಗಳಿಗೆ ತೆರಳಬೇಕಾಗುತ್ತದೆ. ಜಲಾಶಯದ ಮಟ್ಟವನ್ನು ತಿಳಿಸುವ ಒಂದು ಸಾಲಿನ ಸುದ್ದಿ ಇಂತಹ ಕುಟುಂಬಗಳಿಗೆ ಎಚ್ಚರಿಕೆಯ ಗಂಟೆಯಿದ್ದಂತೆ.

ಹಬ್ಬ, ರಂಗಭೂಮಿ ಮತ್ತು ಕ್ರೀಡೆ

ನಗರಸಭೆಯು ನಾಡಹಬ್ಬ ದಸರಾವನ್ನು ಆಚರಿಸುತ್ತದೆ. ವಿಜಯದಶಮಿಯಂದು ಊರಿನ ದೇವರುಗಳ ಮೆರವಣಿಗೆ ಕನಕಮಂಟಪ ಮೈದಾನವನ್ನು ತಲುಪಿ, ಅಲ್ಲಿ ಬನ್ನಿ ಮುಡಿಯುವ ಕಾರ್ಯ ನಡೆಯುತ್ತದೆ. ಗಣೇಶೋತ್ಸವ, ಕನ್ನಡ ರಾಜ್ಯೋತ್ಸವ, ಆಯುಧಪೂಜೆಗಳು ಇತರ ಪ್ರಮುಖ ಆಚರಣೆಗಳು. ಯಂತ್ರಗಳ ನಡುವೆ ದುಡಿಯುವವರ ಊರಾದುದರಿಂದ ಆಯುಧಪೂಜೆಗೆ ಇಲ್ಲಿ ವಿಶೇಷ ಅರ್ಥವಿದೆ. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಜಯಂತಿಯನ್ನು ಸ್ಮರಿಸಲಾಗುತ್ತದೆ.

ಕಾರ್ಖಾನೆಯ ನೌಕರರು ಹವ್ಯಾಸಿ ರಂಗಭೂಮಿಯನ್ನು ಬೆಳೆಸಿದರು. ಕನ್ನಡ ಚಿತ್ರರಂಗದ ನಟ ದೊಡ್ಡಣ್ಣನವರು ವಿಐಎಸ್‌ಎಲ್ ನೌಕರರಾಗಿದ್ದವರು. ಭಾರತ ಕ್ರಿಕೆಟ್ ತಂಡದ ಜಿ.ಆರ್. ವಿಶ್ವನಾಥ್ ಅವರು 1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಜನಿಸಿದರು. 91 ಟೆಸ್ಟ್ ಪಂದ್ಯಗಳಲ್ಲಿ ಅವರು 6,080 ರನ್ ಗಳಿಸಿದರು.

ಕಾರ್ಖಾನೆಗಳ ಕ್ಷೀಣತೆ

ಹಳೆಯ ತಂತ್ರಜ್ಞಾನ, ಬೃಹತ್ ಘಟಕಗಳ ಪೈಪೋಟಿ, ಸ್ವಂತ ಅದಿರು ಗಣಿಯ ಕೊರತೆ, ಬಂಡವಾಳದ ಅಭಾವ ಇವು ಉಕ್ಕಿನ ಕಾರ್ಖಾನೆಯ ನಷ್ಟಕ್ಕೆ ಮುಖ್ಯ ಕಾರಣಗಳು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತುಹೋಯಿತು. ನೌಕರರಲ್ಲಿ ಬಹುಪಾಲು ಜನ ಸ್ವಯಂನಿವೃತ್ತಿ ಪಡೆದರು. ಕಾಗದ ಕಾರ್ಖಾನೆಯ ಸಕ್ಕರೆ ಘಟಕವನ್ನು ನೆಚ್ಚಿಕೊಂಡಿದ್ದ ಸುತ್ತಲಿನ ಕಬ್ಬು ಬೆಳೆಗಾರರೂ ಬೇರೆ ದಾರಿ ನೋಡಬೇಕಾಯಿತು.

2016ರಲ್ಲಿ ಕೇಂದ್ರ ಸರ್ಕಾರವು ವಿಐಎಸ್‌ಎಲ್‌ನಿಂದ ಬಂಡವಾಳ ಹಿಂತೆಗೆಯಲು ನಿರ್ಧರಿಸಿತು. ಕೊಳ್ಳುವವರು ಸಿಗದೆ ಆ ಪ್ರಯತ್ನ ಕೈಗೂಡಲಿಲ್ಲ. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ವರ್ಷ ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ಅನಿರ್ದಿಷ್ಟಾವಧಿ ಧರಣಿ ಆರಂಭಿಸಿದರು. ವರ್ತಕರು, ಮಠಾಧೀಶರು, ಕನ್ನಡಪರ ಹಾಗೂ ಕಾರ್ಮಿಕ ಸಂಘಟನೆಗಳು ಅವರ ಬೆನ್ನಿಗೆ ನಿಂತರು. ಅದೇ ವರ್ಷ ಕಾರ್ಖಾನೆಯ ಕೆಲವು ವಿಭಾಗಗಳು ಮತ್ತೆ ಭಾಗಶಃ ಕಾರ್ಯಾರಂಭ ಮಾಡಿದವು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು ಕಾರ್ಖಾನೆಗೆ ಭೇಟಿ ನೀಡಿದರು.

ಪ್ರಸ್ತುತ ಸ್ಥಿತಿ

ಕಾರ್ಖಾನೆಯ ಪ್ರಶ್ನೆ ಕೇವಲ ಉದ್ಯೋಗದ ಪ್ರಶ್ನೆಯಲ್ಲ. ಕಾರ್ಖಾನೆಯೇ ನೋಡಿಕೊಳ್ಳುತ್ತಿದ್ದ ಮನೆ, ರಸ್ತೆ, ನೀರು, ಬೀದಿದೀಪ, ಆಸ್ಪತ್ರೆ, ಶಾಲೆ, ಮೈದಾನಗಳ ಹೊಣೆ ಯಾರದು ಎಂಬುದೂ ಅದರೊಳಗೇ ಸೇರಿದೆ. ಬಡಾವಣೆಗಳಲ್ಲಿ ಖಾಲಿ ಬಿದ್ದ ವಸತಿಗೃಹಗಳಿವೆ. ನಿವೃತ್ತರ ಕುಟುಂಬಗಳು ವಾಸಿಸುವ ಮನೆಗಳೂ ಇವೆ. ಯುವಜನರು ಉದ್ಯೋಗಕ್ಕಾಗಿ ಶಿವಮೊಗ್ಗ, ಬೆಂಗಳೂರುಗಳತ್ತ ತೆರಳುತ್ತಿದ್ದಾರೆ.

ಅಡಿಕೆ, ಭತ್ತದ ಕೃಷಿ ಮತ್ತು ಅದನ್ನು ಅವಲಂಬಿಸಿದ ವ್ಯಾಪಾರ, ರೈಲು ಮತ್ತು ಹೆದ್ದಾರಿ ಸಂಪರ್ಕ, ಸಮೀಪದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಇವು ಊರಿನ ಇತರ ಆಧಾರಗಳು. 2021ರ ಜನವರಿಯಲ್ಲಿ ಕ್ಷಿಪ್ರ ಕಾರ್ಯಪಡೆಯ ಘಟಕಕ್ಕೆ ಇಲ್ಲಿ ಶಂಕುಸ್ಥಾಪನೆ ನಡೆಯಿತು. ಕುಲುಮೆಯ ಪುನಶ್ಚೇತನದ ಬೇಡಿಕೆ ಇಂದಿಗೂ ಸ್ಥಳೀಯ ಸಭೆಗಳಲ್ಲಿ, ಚುನಾವಣೆಗಳಲ್ಲಿ ಮತ್ತು ಪತ್ರಿಕೆಗಳಲ್ಲಿ ಕೇಳಿಬರುವ ಮುಖ್ಯ ವಿಷಯವಾಗಿದೆ.