ಉಸಿರಿಗೊಂದು ಗುರುತು

ಹಾಲನ್ನು ‘ಆಲು’ ಎಂದೂ ಹೂವನ್ನು ‘ಊವು’ ಎಂದೂ ಹೇಳುವವರ ಮಾತನ್ನು ನೀವು ಕೇಳಿಯೇ ಇದ್ದೀರಿ. ಪೇಟೆಯ ಜನ ಅದಕ್ಕೆ ನಗುವುದೂ ಉಂಟು. ನಗುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಪ್ರಾಚೀನ ಗ್ರೀಕರಲ್ಲಿ ಹಕಾರವನ್ನು ಹೀಗೆಯೇ ನುಂಗಿಬಿಟ್ಟವರು ಓದುಬರಹ ಅರಿಯದವರೇನಲ್ಲ. ವಿದ್ಯೆಯಲ್ಲಿ ಉಳಿದವರಿಗಿಂತ ಮುಂದಾಗಿದ್ದ ಅಯೋನಿಯದವರು. ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯಲ್ಲಿ ನೆಲಸಿದ್ದ ಇವರ ಹೆಸರೇ ನಮ್ಮವರ ಬಾಯಲ್ಲಿ ‘ಯವನ’ ಎಂದಾಯಿತು.

ಈ ನುಂಗಣೆಯ ಒಂದು ಫಲ ನಮ್ಮ ದೇಶದ ಹೆಸರಿನಲ್ಲೇ ಇದೆ. ನಮ್ಮ ‘ಸಿಂಧು’ವಿನ ಸಕಾರ ಪಾರಸಿಕರ ನಾಲಗೆಯಲ್ಲಿ ಹಕಾರವಾಗಿ ‘ಹಿಂದು’ ಎಂದಾಯಿತು. ಅದನ್ನು ಕೇಳಿದ ಅಯೋನಿಯದವರು ತಮ್ಮ ರೂಢಿಯಂತೆ ಹಕಾರವನ್ನು ಬಿಟ್ಟು ‘ಇಂಡೋಸ್’ ಎಂದರು. ‘ಇಂಡಿಯಾ’ ಹುಟ್ಟಿದ್ದು ಹೀಗೆ.

ಗ್ರೀಕರು ಬರಹವನ್ನು ಕಲಿತದ್ದು ಫಿನೀಷಿಯದ ವರ್ತಕರಿಂದ. ಅವರ ‘ಹೇತ್’ ಎಂಬ ಅಕ್ಷರ ಗಂಟಲಿನ ಹಕಾರಕ್ಕಾಗಿ ಇದ್ದದ್ದು. ಗ್ರೀಕರ ಕೈಯಲ್ಲಿ ಅದು ಇಂಗ್ಲಿಷಿನ ದೊಡ್ಡ ‘ಎಚ್’ ಅಕ್ಷರದ ರೂಪವನ್ನು ತಾಳಿತು. ಅಥೆನ್ಸಿನಲ್ಲಿಯೂ ಇಟಲಿಯ ಗ್ರೀಕ್ ವಸಾಹತುಗಳಲ್ಲಿಯೂ ಅದು ಹಕಾರವಾಗಿಯೇ ನಡೆಯಿತು. ಇಟಲಿಯಿಂದ ಎಟ್ರಸ್ಕನರ ಮೂಲಕ ರೋಮನರಿಗೆ ಬಂತು. ಅಯೋನಿಯದಲ್ಲಿ ಮಾತ್ರ ‘ಹೇತ’ ಎನ್ನಲು ಹೋದರೆ ‘ಏತ’ ಎಂದಾಗುತ್ತಿತ್ತು. ಅಕ್ಷರದ ಹೆಸರಿನ ಮೊದಲ ದನಿಯೇ ಅಕ್ಷರದ ಬೆಲೆಯಲ್ಲವೆ? ಆದ್ದರಿಂದ ಅಲ್ಲಿ ಅದು ದೀರ್ಘ ಏಕಾರವಾಗಿ ಕೆಲಸ ಮಾಡತೊಡಗಿತು. ಇದು ಜಾಣತನವೇ ಸರಿ. ಆದರೆ ಒಬ್ಬರ ಜಾಣತನ ಇನ್ನೊಬ್ಬರಿಗೆ ತೊಡಕಾಯಿತು.

ಸ್ಪಾರ್ಟದೊಡನೆ ನಡೆದ ದೀರ್ಘ ಯುದ್ಧದಲ್ಲಿ ಸೋತ ಅಥೆನ್ಸ್, ಕ್ರಿ. ಪೂ. 403ರಲ್ಲಿ ತನ್ನ ಪ್ರಜಾಧಿಕಾರವನ್ನು ಮತ್ತೆ ಕಟ್ಟಿಕೊಂಡಿತು. ಯೂಕ್ಲಿಡೀಸ್ ಎಂಬವನು ಆರ್ಕನ್ ಆಗಿದ್ದ ಆ ವರ್ಷ, ಸರ್ಕಾರಿ ಬರಹಕ್ಕೆ ಅಯೋನಿಯದ ಅಕ್ಷರಮಾಲೆಯೇ ಆಗಬೇಕೆಂದು ಅಲ್ಲಿ ಗೊತ್ತುಮಾಡಿದರು. ಅಥೆನ್ಸಿನವರ ಮಾತಿನಲ್ಲಿ ಹಕಾರ ಇನ್ನೂ ಗಟ್ಟಿಯಾಗಿತ್ತು. ಅದನ್ನು ಬರೆಯುವ ಅಕ್ಷರ ಮಾತ್ರ ಏಕಾರದ ಪಾಲಾಯಿತು. ‘ಹೆಕ್ಸ್’ ಎಂದರೆ ಆರು, ‘ಎಕ್ಸ್’ ಎಂದರೆ ‘ಹೊರಗೆ’; ‘ಹೊರೊಸ್’ ಎಂದರೆ ಗಡಿ, ‘ಒರೊಸ್’ ಎಂದರೆ ಬೆಟ್ಟ. ಕಲ್ಲಿನ ಮೇಲೆ ಈ ಜೋಡಿಗಳು ಒಂದೇ ರೂಪದವಾದುವು. ಅದು ತಾಯಿನುಡಿಯಾದವನಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಬಾಯಿ ತಾನಾಗಿ ಸರಿಯಾದ ಪದವನ್ನು ನುಡಿಯುತ್ತದೆ.

ದಕ್ಷಿಣ ಇಟಲಿಯ ಗ್ರೀಕರು ಮಾತ್ರ ಇದಕ್ಕೆ ಒಪ್ಪಲಿಲ್ಲ. ಅಯೋನಿಯದ ಏಕಾರವೂ ಬೇಕು, ತಮ್ಮ ಹಕಾರವೂ ಬೇಕು, ಏನು ಮಾಡುವುದು? ಆ ಅಕ್ಷರವನ್ನೇ ನೆಟ್ಟಗೆ ಸೀಳಿ, ಎಡಗಡೆಯ ಅರ್ಧವನ್ನು ಹಕಾರಕ್ಕಾಗಿ ಇಟ್ಟುಕೊಂಡರು. ಹೆರಾಕ್ಲಿಯ ಎಂಬ ಊರಿನ ದೇವಸ್ಥಾನಗಳ ಭೂಮಿಕಾಣಿಯ ಲೆಕ್ಕ ಬರೆದ ಕಂಚಿನ ಫಲಕಗಳು 1732ರಲ್ಲಿ ದೊರೆತವು. ಅವುಗಳಲ್ಲಿ ಈ ಅರ್ಧಾಕ್ಷರವನ್ನು ಕಾಣಬಹುದು. ಅಲ್ಲೊಂದು ತಮಾಷೆಯೂ ಇದೆ. ಆರು, ಏಳು ಎಂಬ ಅಂಕಿಗಳ ಹೆಸರು ಗ್ರೀಕಿನಲ್ಲಿ ಹಕಾರದಿಂದ ಮೊದಲಾಗುತ್ತವೆ—‘ಹೆಕ್ಸ್’, ‘ಹೆಪ್ಟ’. ಎಣಿಸುವ ಬಾಯಿ ಅದೇ ಓಟದಲ್ಲಿ ಮುಂದುವರಿದು, ಹಕಾರವೇ ಇಲ್ಲದ ‘ಒಕ್ಟೊ’ವನ್ನು ‘ಹೊಕ್ಟೊ’ ಎಂದೂ ‘ಎನ್ನೆಅ’ವನ್ನು ‘ಹೆನ್ನೆಅ’ ಎಂದೂ ನುಡಿದಿದೆ. ಕರಣಿಕನೂ ಹಾಗೆಯೇ ಕೆತ್ತಿಸಿದ್ದಾನೆ. ‘ಆಲು’ ಎನ್ನುವವನನ್ನು ತಿದ್ದಹೋದರೆ ಅವನು ‘ಹಕ್ಕಿ’ಯನ್ನು ‘ಅಕ್ಕಿ’ಯನ್ನಾಗಿಯೂ ‘ಅಕ್ಕಿ’ಯನ್ನು ‘ಹಕ್ಕಿ’ಯನ್ನಾಗಿಯೂ ಮಾಡುವುದನ್ನು ನಾವು ಕಂಡಿಲ್ಲವೆ?

ಮುಂದಿನ ಕಥೆ ಈಜಿಪ್ಟಿನ ಅಲೆಗ್ಸಾಂಡ್ರಿಯದ್ದು. ಅಲೆಗ್ಸಾಂಡರನ ದಂಡಯಾತ್ರೆಯ ತರುವಾಯ ಗ್ರೀಕ್ ಭಾಷೆ ನಾನಾ ದೇಶದವರ ಹೊಕ್ಕುಬಳಕೆಯ ಮಾತಾಯಿತು. ಅದು ಮನೆಮಾತಲ್ಲದ ಮಕ್ಕಳು ಶಾಲೆಯಲ್ಲಿ ಹೋಮರನನ್ನು ಓದಬೇಕಾಯಿತು. ಪುಸ್ತಕವೋ ಪಪೈರಸ್ ಸುರುಳಿ. ಪದಪದಗಳ ನಡುವೆ ಬಿಡುವಿಲ್ಲದೆ ಅಕ್ಷರಗಳ ಒಂದೇ ಸಾಲು. ಎಲ್ಲಿ ಪದ ಮೊದಲಾಯಿತು, ಅಲ್ಲಿ ಉಸಿರು ಇದೆಯೋ ಇಲ್ಲವೋ—ಹೇಳುವವರಾರು? ಅಲ್ಲಿನ ಮಹಾಗ್ರಂಥಾಲಯದ ಅಧ್ಯಕ್ಷನಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೊಫನೀಸ್ (ನಾಟಕಕಾರನಲ್ಲ, ಅವನಿಗಿಂತ ಸುಮಾರು 200 ವರ್ಷ ಈಚಿನವನು) ಸ್ವರದ ಗುರುತುಗಳನ್ನೂ ಉಸಿರಿನ ಗುರುತುಗಳನ್ನೂ ಗೊತ್ತುಮಾಡಿದನೆಂದು ಪರಂಪರೆ ಹೇಳುತ್ತದೆ. ಸೀಳಿದ ಅಕ್ಷರದ ಎಡಭಾಗ ಹಕಾರವಿದೆಯೆನ್ನಲು, ಬಲಭಾಗ ಇಲ್ಲವೆನ್ನಲು. ಬರೆಯುವವರ ಅವಸರದಲ್ಲಿ ಇವೆರಡೂ ಸವೆದು ಸವೆದು ಕೊನೆಗೆ ಸ್ವರಾಕ್ಷರದ ನೆತ್ತಿಯ ಮೇಲಿನ ಪುಟ್ಟ ಕೊಂಕುಗಳಾದುವು. ಮೊದಲಿಗೆ ಎಲ್ಲ ಪದಕ್ಕೂ ಇವನ್ನು ಹಾಕುತ್ತಿರಲಿಲ್ಲ. ಅರ್ಥ ಕೆಡುವ ಸಂಭವವಿದ್ದಲ್ಲಿ ಮಾತ್ರ ಹಾಕುತ್ತಿದ್ದರು.

ಮೊದಲನೆಯದಕ್ಕೆ ‘ದಸು’ ಎಂದರು: ರೋಮ ತುಂಬಿದ್ದು, ದಟ್ಟವಾದದ್ದು. ಎರಡನೆಯದಕ್ಕೆ ‘ಪ್ಸಿಲೊನ್’ ಎಂದರು: ಬೋಳು. ಕ, ಪ, ತಗಳನ್ನು ಬೋಳೆಂದೂ ಖ, ಫ, ಥಗಳನ್ನು ದಟ್ಟವೆಂದೂ ವಿಂಗಡಿಸಿದವರೂ ಅವರ ವೈಯಾಕರಣರೇ. ನಮ್ಮವರು ಅಲ್ಪಪ್ರಾಣ, ಮಹಾಪ್ರಾಣ ಎಂದದ್ದೂ ಇದೇ ಭೇದವನ್ನು. ‘ಫಿಲಾಸಫಿ’ಯ ಮೊದಲ ಅಕ್ಷರ ಪ್ಲೇಟೋವಿನ ಕಾಲದಲ್ಲಿ ‘ಫಲ’ದ ಫಕಾರದಂತೆ ತುಟಿಗಳನ್ನು ಮುಚ್ಚಿ ತೆರೆದು ಆಡುವ ಮಹಾಪ್ರಾಣವಾಗಿತ್ತೇ ಹೊರತು ಹಲ್ಲು ತುಟಿಗಳ ನಡುವೆ ಊದುವ ದನಿಯಾಗಿರಲಿಲ್ಲ. ‘ತತ್’ ಮತ್ತು ‘ಹಿತ’ ಸೇರಿ ‘ತದ್ಧಿತ’ವಾಗುವಾಗ ಹಕಾರ ಹಿಂದಿನ ವ್ಯಂಜನದಲ್ಲಿ ಬೆರೆತು ಅದನ್ನು ಮಹಾಪ್ರಾಣ ಮಾಡುತ್ತದೆ. ಗ್ರೀಕಿನಲ್ಲಿ ‘ಎಪಿ’ಗೆ ದಿನವೆಂಬ ಅರ್ಥದ ‘ಹೇಮೆರ’ ಸೇರಿದಾಗಲೂ ಪಕಾರ ಫಕಾರವಾಗಿ ‘ಎಫೇಮೆರೊಸ್’, ಒಂದೇ ದಿನದ ಬಾಳು, ಆಗುತ್ತದೆ. ಸಂಸ್ಕೃತ ಬಲ್ಲವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಹಕಾರ ಉಳಿದ ಗ್ರೀಕರ ಬಾಯಿಂದಲೂ ಜಾರಿಹೋಯಿತು. ಸೋಜಿಗವೆಂದರೆ, ಹೀಗೆ ಉಸಿರು ನಿಂತಮೇಲೆಯೇ ಅದರ ಗುರುತು ತಪ್ಪದೆ ಪ್ರತಿಯೊಂದು ಪದಕ್ಕೂ ಬೀಳತೊಡಗಿದ್ದು. ಬೈಜಾಂಟಿಯಮ್ಮಿನ ಲಿಪಿಕಾರರು ಕೇಳದ ದನಿಗೆ ಚಿಹ್ನೆಯಿಟ್ಟರು. ಅಚ್ಚಿನವರು ಅದಕ್ಕೆ ಮೊಳೆ ಹೊಯ್ದರು. ಶಾಲೆಯ ಮಕ್ಕಳು ಯಾವ ಪದಕ್ಕೆ ಯಾವ ಕೊಂಕೆಂದು ಉರುಹೊಡೆದರು. 1982ರಲ್ಲಿ ಗ್ರೀಸಿನ ಸರ್ಕಾರ ಈ ಎರಡು ಚಿಹ್ನೆಗಳನ್ನೂ ಶಾಲೆಯಿಂದ, ಕಚೇರಿಯಿಂದ ತೆಗೆದುಹಾಕಿತು. ಚರ್ಚಿನವರೂ ಕೆಲವು ಪ್ರಕಾಶಕರೂ ಅವನ್ನು ಇನ್ನೂ ಬಿಟ್ಟಿಲ್ಲ. ಉಳಿದವರ ಬರಹದಲ್ಲಿ ಬೆಟ್ಟಕ್ಕೂ ಗಡಿಗೂ ಈಗ ಒಂದೇ ಪದ, ‘ಒರೊಸ್’. ಯಾವುದೆಂಬುದನ್ನು ವಾಕ್ಯ ನೋಡಿಯೇ ತಿಳಿಯಬೇಕು.